ಮೆಲ್ಬರ್ನಿನಲ್ಲೊಂದು ಪ್ರಶ್ನೋತ್ತರದ ರಾತ್ರಿ

ಬಾತುಕೋಳಿಯ ಆಕಾರದ ಕೇಕಿಗೆ ಕೊಕ್ಕನ್ನು ಯಾವುದರಿಂದ ಮಾಡುತ್ತಾರೆ?

ಪ್ರಿಯ ಓದುಗರೇ, ಈ ಪ್ರಶ್ನೆಗೆ ನಿಮ್ಮಲ್ಲಿ ಎಷ್ಟು ಮಂದಿ ಉತ್ತರಿಸಬಲ್ಲಿರೋ ಗೊತ್ತಿಲ್ಲ. ನನಗಂತೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪ್ರಶ್ನೆ ಕೇಳಿಯೇ ಸಂಬಳ ಪಡೆಯುತ್ತಿರುವ ನಾನು, ಇಂತಹ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಲು ಸಮುದ್ರ ದಾಟಿ ಹೋಗಬೇಕಾಯಿತು!

ನನ್ನ ತಂಗಿ ಎಂಟು ವರ್ಷಗಳಿಂದ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿದ್ದಾಳೆ. 2023ರ ಅಕ್ಟೋಬರಿನಲ್ಲಿ, ದಸರಾ ರಜೆಯ ಜೊತೆಗೆ ಇನ್ನೊಂದಿಷ್ಟು ರಜೆ ಸೇರಿಸಿಕೊಂಡು ನಾನು ಮತ್ತು ನಮ್ಮ ಮನೆಯವರು ಅವಳಲ್ಲಿಗೆ ಹೋಗಿದ್ದೆವು. ನಗರದ ಉತ್ತರ ಭಾಗದಲ್ಲಿ ಅವಳ ಮನೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಸಿಡ್ನಿ ರೋಡ್ ಎಂಬ ಉದ್ದನೆಯ ಬೀದಿ. ಟ್ರಾಮ್ ಗಾಡಿಗಳು ಗಂಟೆ ಬಾರಿಸುತ್ತಾ ಓಡಾಡುತ್ತವೆ. ಎರಡೂ ಬದಿಗೆ ತುರ್ಕಿಯವರ ರೊಟ್ಟಿ ಅಂಗಡಿಗಳು, ಲೆಬನಾನಿನವರ ಸಿಹಿತಿಂಡಿ ಅಂಗಡಿಗಳು, ಹಲಾಲ್ ಮಾಂಸದ ಅಂಗಡಿಗಳು. ಊಟ ತಿಂಡಿಗೆ ತೊಂದರೆಯಾದೀತೆಂದು ಶಿವಮೊಗ್ಗದಿಂದ ಹೊತ್ತುಕೊಂಡು ಹೋಗಿದ್ದ ಉಪ್ಪಿನಕಾಯಿ, ಪುಡಿಗಳ ಗಂಟು ನೋಡಿ ತಂಗಿ ನಕ್ಕಳು.

ಆದರೆ ಅವಳಿಗೊಂದು ಚಿಂತೆಯಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿಯನ್ನು ತೋರಿಸಿದಳು. ಎರಡನೇ ತರಗತಿಯಲ್ಲಿ ಓದುವ ಅವಳ ಮಗನ ಶಾಲೆಯಲ್ಲಿ 'ಟ್ರಿವಿಯಾ ನೈಟ್' ನಡೆಯಲಿತ್ತು. ಅಲ್ಲಿನ ಶಾಲೆಗಳಲ್ಲಿ ಇದೊಂದು ರೂಢಿ. ಆಟದ ಸಾಮಾನು ಕೊಳ್ಳಲೋ, ನೆರಳಿನ ಚಪ್ಪರ ಹಾಕಿಸಲೋ ಹಣ ಬೇಕಾದಾಗ ಪಾಲಕರೆಲ್ಲ ಶನಿವಾರ ರಾತ್ರಿ ಶಾಲೆಯ ಸಭಾಂಗಣದಲ್ಲಿ ಸೇರುತ್ತಾರೆ. ಟಿಕೆಟ್ ಕೊಂಡು, ಒಂದೊಂದು ಮೇಜಿಗೆ ಎಂಟು ಹತ್ತು ಜನ ಕೂತು, ಮೈಕಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾರೆ. ಆ ವರ್ಷದ ವಿಷಯ 'ನಮ್ಮ ಶಾಲಾ ದಿನಗಳು'.

"ಅವರ ಶಾಲಾ ದಿನಗಳು, ಆಪಾ. ನನ್ನವಲ್ಲ" ಎಂದಳು ತಂಗಿ. "ಗೇಟಿನ ಬಳಿ ಮಗುವನ್ನು ಕರೆದುಕೊಂಡು ಬರಲು ನಿಂತಾಗ ಯಾರೋ ಹಳೆಯ ಟಿವಿ ಕಾರ್ಯಕ್ರಮದ ಹೆಸರು ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಯಾಕೆ ಅಂತ ಗೊತ್ತಿರುವುದಿಲ್ಲ."

ಅವಳು ಎಂ.ಎಸ್ಸಿ. ಓದಿದವಳು. ಆಫೀಸಿನಲ್ಲಿ ಹತ್ತು ಜನರ ಮೇಲೆ ಕೆಲಸ ಮಾಡಿಸುವವಳು. ಆದರೂ ಎಂಟು ವರ್ಷ ಹೀಗೆ ಅರ್ಥವಾಗದೆ ನಕ್ಕಿದ್ದಾಳೆಂದು ಕೇಳಿ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. "ಹೋಗೋಣ. ನಾನೂ ಬರುತ್ತೇನೆ" ಎಂದೆ. ಭಾವ ಮಾತ್ರ ಮಗುವನ್ನು ನೋಡಿಕೊಳ್ಳುವ ನೆಪದಲ್ಲಿ ಜಾಣತನದಿಂದ ತಪ್ಪಿಸಿಕೊಂಡರು.

ನಮಗೆ ಪಾಠ ಹೇಳಲು ಸಿಕ್ಕಿದವರು ಪಕ್ಕದ ಮನೆಯ ನಿವೃತ್ತ ಅಧ್ಯಾಪಕಿ. ವಯಸ್ಸು ಎಪ್ಪತ್ತೆಂಟು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಏಳು ವರ್ಷದ ನಮ್ಮ ಹುಡುಗ ಕೂಡ ಆ ಹಿರಿಯ ಜೀವವನ್ನು ಹೆಸರಿನಿಂದ ಕೂಗುವುದನ್ನು ಕೇಳಿ ನನಗೆ ಗಾಬರಿಯಾಯಿತು. ನನ್ನ ನಾಲಗೆ ಮಾತ್ರ ಹೊರಳಲಿಲ್ಲ. 'ಟೀಚರ್' ಎಂದೇ ಕರೆದೆ. ಅವರಿಗೆ ಅದು ಬಹಳ ಇಷ್ಟವಾಯಿತು.

ಅವರ ಹಿತ್ತಲಿನಲ್ಲಿ ಒಂದು ಕಂಬ, ಅದರ ತುದಿಗೆ ಬಿಚ್ಚಿದ ಕೊಡೆಯ ಹಾಗೆ ತಂತಿಗಳು, ಗಾಳಿಗೆ ತಿರುಗುತ್ತಾ ಬಟ್ಟೆ ಒಣಗಿಸುತ್ತಿತ್ತು. ಅದರ ಹೆಸರು 'ಹಿಲ್ಸ್ ಹಾಯ್ಸ್ಟ್'. 1945ರಲ್ಲಿ ಅಡಿಲೇಡಿನ ಲ್ಯಾನ್ಸ್ ಹಿಲ್ ಎಂಬವರು ತಯಾರಿಸಿ ಮಾರಲು ಶುರು ಮಾಡಿದ್ದಂತೆ. ಅಮ್ಮಂದಿರಿಗೆ ಬಟ್ಟೆ ಒಣಗಿಸಲು, ಮಕ್ಕಳಿಗೆ ಜೋತಾಡಿ ಗಿರಗಿರ ತಿರುಗಲು! "ನೇತಾಡಬೇಡ ಎಂದು ಬೈಸಿಕೊಳ್ಳದ ಮಗು ಈ ದೇಶದಲ್ಲಿಲ್ಲ" ಎಂದರು ಟೀಚರ್. ಅದರ ಕೆಳಗೇ ಕುರ್ಚಿ ಹಾಕಿಕೊಂಡು ನಮ್ಮ ಪಾಠ ಶುರುವಾಯಿತು. ನಾನು ನೋಟ್ ಪುಸ್ತಕ ತೆರೆದೆ.

ಮೊದಲ ಪಾಠವೇ ಹಾಲು. 1951ರಿಂದ ಆಸ್ಟ್ರೇಲಿಯಾದ ಶಾಲೆಗಳಲ್ಲಿ ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಸರಕಾರ ಉಚಿತವಾಗಿ ಹಾಲು ಕೊಡುತ್ತಿತ್ತು. ಮೂರನೇ ಒಂದು ಪಿಂಟ್, ಅಂದರೆ ಸುಮಾರು 190 ಮಿಲಿಲೀಟರಿನ ಪುಟ್ಟ ಗಾಜಿನ ಬಾಟಲಿ. ಟೀಚರ್ ಓದಿದ್ದು ವಿಕ್ಟೋರಿಯಾದ ಒಂದು ಹಳ್ಳಿ ಶಾಲೆಯಲ್ಲಿ. ಬೆಳಿಗ್ಗೆಯೇ ಗಾಡಿಯವನು ಬಾಟಲಿಗಳ ಪೆಟ್ಟಿಗೆಯನ್ನು ಗೇಟಿನ ಬಳಿ ಇಳಿಸಿ ಹೋಗುತ್ತಿದ್ದ. ಆಟದ ಬಿಡುವಿನ ಹೊತ್ತಿಗೆ ಅದು ಬಿಸಿಲಿನಲ್ಲಿ ಬೆಂದು, ಮೇಲೆ ಕೆನೆ ಕಟ್ಟಿ, ವಾಸನೆ ಬರುತ್ತಿತ್ತು. ಕುಡಿಯದೆ ಆಟಕ್ಕೆ ಬಿಡುತ್ತಿರಲಿಲ್ಲ. ಮೂಗು ಹಿಡಿದುಕೊಂಡು ಕುಡಿಯಬೇಕು. 1973ರಲ್ಲಿ ಯೋಜನೆ ನಿಂತಿತು. "ನಾನು ಆಗ ಪಾಠ ಮಾಡುತ್ತಿದ್ದೆ. ಮಕ್ಕಳಿಗಿಂತ ಹೆಚ್ಚು ಸಂತೋಷಪಟ್ಟವಳು ನಾನೇ. ಇವತ್ತಿಗೂ ನಾನು ಬರೀ ಹಾಲು ಕುಡಿಯುವುದಿಲ್ಲ."

ಓದುಗರೇ, ಆಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ನಮ್ಮ ಶಾಲೆಯ ಬೆಳಗು ಶುರುವಾಗುವುದೇ ಹಾಲಿನ ಪುಡಿ ಕದಡುವುದರಿಂದ. ಗಂಟು ಕಟ್ಟದಂತೆ ಕದಡುವುದು ಒಂದು ವಿದ್ಯೆ. ಮೂಗು ಹಿಡಿದು ಕುಡಿಯುವ ಮಕ್ಕಳು, ಮೆಲ್ಲನೆ ಗಿಡದ ಬುಡಕ್ಕೆ ಸುರಿಯುವ ಮಕ್ಕಳು, ಲೋಟಕ್ಕೆ ಲೋಟ ಕೇಳಿ ಕುಡಿಯುವ ಹಸಿದ ಮಕ್ಕಳು ಎಲ್ಲರನ್ನೂ ನಾನು ಬಲ್ಲೆ. ಹೇಳಿದೆ. ಟೀಚರ್ ನನ್ನ ಕೈ ಹಿಡಿದುಕೊಂಡು, "ಗಿಡದ ಬುಡಕ್ಕೆ! ನಮ್ಮ ಶಾಲೆಯ ಗುಲಾಬಿ ಗಿಡ ಅದರಿಂದಲೇ ಸತ್ತದ್ದು" ಎಂದರು. ಅಲ್ಲಿಂದ ಮುಂದೆ ನಮ್ಮ ನಡುವೆ ಭಾಷೆ ಅಡ್ಡಿಯಾಗಲಿಲ್ಲ. ಅವರ ಇಂಗ್ಲಿಷ್ ಉಚ್ಚಾರ ನನಗೆ, ನನ್ನ ಬಿ.ಎ. ಇಂಗ್ಲಿಷ್ ಅವರಿಗೆ ಅರ್ಥವಾಗದಿದ್ದಾಗ ತಂಗಿ ಇದ್ದಳು.

ಎರಡನೇ ಪಾಠ ವೆಜಿಮೈಟ್. ಕಪ್ಪಗೆ, ಗಾಡಿಗೆ ಹಾಕುವ ಗ್ರೀಸಿನಂತಿರುವ ಇದನ್ನು ಅಲ್ಲಿನವರು ಬ್ರೆಡ್ಡಿಗೆ ಸವರಿ ತಿನ್ನುತ್ತಾರೆ. ಸಿರಿಲ್ ಕ್ಯಾಲಿಸ್ಟರ್ ಎಂಬ ರಸಾಯನ ವಿಜ್ಞಾನಿ 1922ರಲ್ಲಿ ಇದೇ ಮೆಲ್ಬರ್ನಿನಲ್ಲಿ ತಯಾರಿಸಿದ್ದು. 1923ರಿಂದ ಅಂಗಡಿಗೆ ಬಂತು. ಅಂದರೆ ನಾನು ಹೋದ ವರ್ಷವೇ ಅದಕ್ಕೆ ನೂರು ತುಂಬಿತ್ತು. ಮದ್ಯದ ಕಾರ್ಖಾನೆಯಲ್ಲಿ ಉಳಿದ ಯೀಸ್ಟಿನಿಂದ ಮಾಡಿದ್ದೆಂದು ಕೇಳಿ ನಾನು ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟನೆ ಕೆಳಗಿಟ್ಟೆ. ಅದಕ್ಕೆ ಹಲಾಲ್ ಪ್ರಮಾಣಪತ್ರ ಇದೆಯೆಂದು ತಂಗಿ ಹೇಳಿದ ಮೇಲೆ ಬಾಯಿಗಿಟ್ಟೆ. ಇಡದಿದ್ದರೂ ನಷ್ಟವಿರಲಿಲ್ಲ! ನಾನು ಚಪಾತಿಗೆ ತುಪ್ಪ ಸವರಿದಂತೆ ದಪ್ಪಗೆ ಬಳಿದುಕೊಂಡಿದ್ದೆ. ಉಪ್ಪಿನ ಮೂಟೆ ನೆಕ್ಕಿದ ಹಾಗಾಯಿತು. ಬೆಣ್ಣೆಯ ಮೇಲೆ ತೆಳ್ಳಗೆ, ಬ್ರೆಡ್ಡಿನ ಬಣ್ಣ ಕಾಣುವಷ್ಟು ತೆಳ್ಳಗೆ ಸವರಬೇಕಂತೆ. 1954ರಲ್ಲಿ ರೇಡಿಯೋದಲ್ಲಿ ಬಂದ ಅದರ ಜಾಹೀರಾತಿನ ಹಾಡು ಅರವತ್ತು ದಾಟಿದವರಿಗೆಲ್ಲ ಈಗಲೂ ಬಾಯಿಪಾಠ.

ನಮ್ಮ ಹುಡುಗ ಅದನ್ನೇ ಊಟದ ಡಬ್ಬಿಗೆ ಹಾಕಿಕೊಡೆಂದು ಹಟ ಮಾಡುತ್ತಾನೆ. ಖೀಮಾ ಪರೋಟಾ ಕೊಟ್ಟರೆ ಮುಚ್ಚಳ ಪೂರ್ತಿ ತೆರೆಯದೆ ತಿನ್ನುತ್ತಾನಂತೆ. ತಂಗಿ ಇದನ್ನು ಹೇಳುವಾಗ ಸ್ವಲ್ಪ ಅಳುಮುಖ ಮಾಡಿದಳು. ಟೀಚರ್ ತಲೆಯಾಡಿಸಿದರು. ಎರಡನೇ ಮಹಾಯುದ್ಧದ ನಂತರ ಇಟಲಿಯಿಂದ, ಗ್ರೀಸಿನಿಂದ ಲಕ್ಷಾಂತರ ಜನ ಅಲ್ಲಿಗೆ ವಲಸೆ ಬಂದರು. ಅವರ ಮಕ್ಕಳೂ ದಪ್ಪ ರೊಟ್ಟಿ, ಬೆಳ್ಳುಳ್ಳಿ ವಾಸನೆಯ ಊಟವನ್ನು ಹೀಗೆಯೇ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದರಂತೆ. "ನಾವು ಮೂಗು ಮುಚ್ಚಿಕೊಂಡು ಅಣಕಿಸುತ್ತಿದ್ದೆವು. ಈಗ ಅದೇ ಊಟಕ್ಕೆ ನನ್ನ ಮಕ್ಕಳು ಹೋಟೆಲಿನಲ್ಲಿ ಸರದಿ ನಿಲ್ಲುತ್ತಾರೆ" ಎಂದರು. ಅಂದ ಹಾಗೆ, ಅಲ್ಲಿನ ಮಕ್ಕಳು ಚಿಲ್ಲರೆ ಹಿಡಿದು ಮಿಠಾಯಿಗೆ ಓಡುತ್ತಿದ್ದ 'ಮಿಲ್ಕ್ ಬಾರ್' ಅಂಗಡಿಗಳನ್ನು ಊರೂರಿನಲ್ಲಿ ನಡೆಸಿದವರಲ್ಲಿ ಬಹಳ ಮಂದಿ ಗ್ರೀಕರೇ. 1932ರಲ್ಲಿ ಸಿಡ್ನಿಯ ಮಾರ್ಟಿನ್ ಪ್ಲೇಸ್‌ನಲ್ಲಿ ತೆರೆದ ಹೆಸರಾಂತ ಮಿಲ್ಕ್ ಬಾರ್ ಕೂಡ ಒಬ್ಬ ಗ್ರೀಕ್ ವಲಸೆಗಾರನದು.

ಟೋಪಿಯ ವಿಷಯ ನನಗೆ ಹೊಸದಾಗಿತ್ತು. ಅಗಲ ಅಂಚಿನ ಟೋಪಿ ಇಲ್ಲದಿದ್ದರೆ ಬಿಸಿಲ ಕಾಲದಲ್ಲಿ ಮಗುವನ್ನು ಆಟಕ್ಕೆ ಬಿಡುವುದಿಲ್ಲ, ನೆರಳಲ್ಲಿ ಕೂರಬೇಕು. ಚರ್ಮದ ಕ್ಯಾನ್ಸರ್ ಅಲ್ಲಿ ಅಷ್ಟು ಹೆಚ್ಚು. 1981ರಲ್ಲಿ ಒಂದು ಕಡಲಹಕ್ಕಿಯ ಕಾರ್ಟೂನು ಟಿವಿಯಲ್ಲಿ ಕುಣಿಯುತ್ತಾ, ಅಂಗಿ ತೊಟ್ಟುಕೊಳ್ಳಿ, ಮುಲಾಮು ಬಳಿದುಕೊಳ್ಳಿ, ಟೋಪಿ ಹಾಕಿಕೊಳ್ಳಿ ಎಂದು ಹೇಳಿದ್ದನ್ನು ಕೇಳಿ ಬೆಳೆದವರೇ ಈಗಿನ ಅಪ್ಪ ಅಮ್ಮಂದಿರು. ನಾನು ಹೋದದ್ದು ಅಲ್ಲಿ ವಸಂತ ಕಾಲ. ಮೊಟ್ಟೆಯಿಟ್ಟ ಮ್ಯಾಗ್‌ಪೈ ಹಕ್ಕಿಗಳು ದಾರಿಹೋಕರ ತಲೆಗೆ ಎರಗುವ ಕಾಲವೂ ಅದೇ. ನನ್ನ ಬುರ್ಖಾದ ಮೇಲೊಂದು ಕೊಡೆ ಹಿಡಿದೇ ಶಾಲೆಯವರೆಗೆ ಹೋಗಿ ಬರುತ್ತಿದ್ದೆ.

ಟಿವಿಯ ಪಾಠ ತಂಗಿಗೆ ಕಷ್ಟವಾಯಿತು. ಹೆಸರುಗಳೇ ಹೆಸರುಗಳು. 1966ರಿಂದ ನಡೆಯುತ್ತಿರುವ 'ಪ್ಲೇ ಸ್ಕೂಲ್', ಅದರ ಗೊಂಬೆಗಳು, ಗುಂಡಗಿನ ಕಿಟಕಿ, ಚೌಕದ ಕಿಟಕಿ. ಕಾಂಗರೂ ಸ್ಕಿಪ್ಪಿ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು 'ಮಿಸ್ಟರ್ ಸ್ಕ್ವಿಗಲ್'. ಚಂದ್ರನಿಂದ ಬರುವ ಒಂದು ಸೂತ್ರದ ಗೊಂಬೆ. ಅದರ ಮೂಗು ಪೆನ್ಸಿಲು. ದೇಶದ ಮೂಲೆ ಮೂಲೆಯ ಮಕ್ಕಳು ಒಂದು ಹಾಳೆಯಲ್ಲಿ ಏನೋ ಗೀಚಿ ಕಳಿಸುತ್ತಿದ್ದರು. ಗೊಂಬೆ ಆ ಗೀಚಿಗೆ ಮೂಗಿನಿಂದಲೇ ಇನ್ನಷ್ಟು ಗೆರೆ ಸೇರಿಸಿ, ಹಾಳೆಯನ್ನು ತಲೆಕೆಳಗು ಮಾಡಿಸಿದರೆ ಅಲ್ಲೊಂದು ಮೀನು, ಇಲ್ಲೊಂದು ಅಜ್ಜಿ! ಆಡಿಸುತ್ತಿದ್ದವರು ನಾರ್ಮನ್ ಹೆದರಿಂಗ್ಟನ್ ಎಂಬ ವ್ಯಂಗ್ಯಚಿತ್ರಕಾರ. ಮೇಲಿನಿಂದ ಬಗ್ಗಿ ದಾರ ಹಿಡಿದು ಆಡಿಸಬೇಕಾದ್ದರಿಂದ ಅವರು ಬಿಡಿಸುತ್ತಿದ್ದುದೂ ತಲೆಕೆಳಗಾಗಿಯೇ. 1959ರಿಂದ 1999ರವರೆಗೆ, ನಲವತ್ತು ವರ್ಷ ಒಬ್ಬರೇ. ಮಕ್ಕಳ ಗೀಚನ್ನು ತಪ್ಪೆಂದು ಅಳಿಸದೆ ಅದರಿಂದಲೇ ಚಿತ್ರ ಮಾಡುವ ಈ ಕೆಲಸವನ್ನು ನಾನು ಊರಿಗೆ ಬಂದ ಮೇಲೆ ಕರಿಹಲಗೆಯ ಮೇಲೆ ಮಾಡಿ ನೋಡಿದೆ. ನನಗೆ ಎಲ್ಲ ಗೀಚೂ ಬೆಕ್ಕೇ ಆಗುತ್ತದೆ.

ಇನ್ನೊಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಆ ದೇಶದ ನಡುಭಾಗದಲ್ಲಿ ಮನೆಯಿಂದ ಮನೆಗೆ ನೂರಾರು ಕಿಲೋಮೀಟರು. ಅಲ್ಲಿನ ಮಕ್ಕಳಿಗೆ ಶಾಲೆ ಎಲ್ಲಿಂದ ಬರಬೇಕು? ಅಡಿಲೇಡಿನ ಶಿಕ್ಷಣಾಧಿಕಾರಿಯಾಗಿದ್ದ ಅಡಿಲೇಡ್ ಮೀತ್ಕೆ ಎಂಬ ಮಹಿಳೆಗೆ ಒಂದು ಉಪಾಯ ಹೊಳೆಯಿತು. ಹಾರುವ ವೈದ್ಯರನ್ನು ಕರೆಯಲು ಆ ಒಂಟಿ ಮನೆಗಳಲ್ಲಿ ರೇಡಿಯೋ ಯಂತ್ರ ಇತ್ತಲ್ಲ, ಅದರಲ್ಲೇ ಪಾಠ ಯಾಕೆ ಮಾಡಬಾರದು? ಹೀಗೆ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 'ಆಕಾಶ ಶಾಲೆ' ಆರಂಭವಾಯಿತು. ಈಗ ಅದು ಇಂಟರ್‌ನೆಟ್ಟಿನಲ್ಲಿ ನಡೆಯುತ್ತದೆ. ಆ ಒಂದು ಶಾಲೆಯ ವ್ಯಾಪ್ತಿ 13 ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕದಂತಹ ಆರು ರಾಜ್ಯಗಳಿಗಿಂತ ದೊಡ್ಡ ತರಗತಿ ಕೋಣೆ! ಕೊರೋನಾ ಕಾಲದಲ್ಲಿ ಮೊಬೈಲ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ನಮ್ಮ ಮಲೆನಾಡಿನ ಮಕ್ಕಳನ್ನು ನೆನೆದು, ಮೀತ್ಕೆಯ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ.

ಆ ಭಾನುವಾರ ಟೀಚರ್ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದರು. ಅವರ ಮೊಮ್ಮಗಳ ಹುಟ್ಟುಹಬ್ಬ. ನಮ್ಮ ಮನೆಗಳಲ್ಲಿ ಆ ಆಚರಣೆಯ ರೂಢಿಯಿಲ್ಲ, ಆದರೆ ಕೇಕು ಮಾಡುವ ಕೈಗೆ ಸಹಾಯ ಮಾಡಲು ಏನಡ್ಡಿ? ಮೇಜಿನ ಮೇಲೆ ಹಿಟ್ಟು, ಬೆಣ್ಣೆ ಅಂಟಿಕೊಂಡು ಅಂಚು ಹರಿದ ಒಂದು ಪುಸ್ತಕವಿತ್ತು. ಅಲ್ಲಿನ 'ವಿಮೆನ್ಸ್ ವೀಕ್ಲಿ' ಪತ್ರಿಕೆ 1980ರಲ್ಲಿ ಹೊರತಂದ ಮಕ್ಕಳ ಹುಟ್ಟುಹಬ್ಬದ ಕೇಕುಗಳ ಪುಸ್ತಕ. ಮುಖಪುಟದಲ್ಲಿ ರೈಲುಗಾಡಿಯ ಕೇಕು. ಒಳಗೆ ನೀಲಿ ಜೆಲ್ಲಿ ತುಂಬಿದ ಈಜುಕೊಳದ ಕೇಕು, ಅಂಕಿಗಳ ಕೇಕು, ಬಾತುಕೋಳಿಯ ಕೇಕು. ಲಕ್ಷಗಟ್ಟಲೆ ಮನೆಗಳಲ್ಲಿ ಮಕ್ಕಳು ತಿಂಗಳುಗಟ್ಟಲೆ ಪುಟ ತಿರುವಿ ತಮ್ಮದನ್ನು ಆರಿಸಿಕೊಳ್ಳುತ್ತಿದ್ದರಂತೆ, ಅಮ್ಮಂದಿರು ರಾತ್ರಿ ನಿದ್ದೆಗೆಟ್ಟು ಮಾಡುತ್ತಿದ್ದರಂತೆ. ಯಾವ ಅಮ್ಮನದೂ ಚಿತ್ರದ ಹಾಗೆ ಬರುತ್ತಿರಲಿಲ್ಲ. 2018ರಿಂದ ಪ್ರಪಂಚದ ಪುಟಾಣಿಗಳೆಲ್ಲ ನೋಡುವ, ಬ್ರಿಸ್ಬೇನ್ ನಗರದಲ್ಲಿ ತಯಾರಾಗುವ 'ಬ್ಲೂಯಿ' ಎಂಬ ಕಾರ್ಟೂನಿನಲ್ಲಿಯೂ ಅಪ್ಪ ನಾಯಿ ಮಗಳಿಗಾಗಿ ಬಾತುಕೋಳಿ ಕೇಕು ಮಾಡಲು ಹೋಗಿ ಪೇಚಿಗೆ ಸಿಲುಕುವ ಒಂದು ಕಂತಿದೆ.

ಹಳದಿ ಬೆಣ್ಣೆ ಕೆನೆ ಬಳಿದು, ನೆತ್ತಿಗೆ ಜುಟ್ಟಿನ ಹಾಗೆ ಪಾಪ್‌ಕಾರ್ನ್ ಇಟ್ಟೆವು. ಕೊನೆಗೆ ಟೀಚರ್ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಒಡೆದು, ಒಳ್ಳೆಯ ಬಾಗಿದ ಎರಡು ಚಿಪ್ಸ್ ಆರಿಸಿ ತಂಗಿಯ ಕೈಗೆ ಕೊಟ್ಟರು. ಕೊಕ್ಕನ್ನು ಅವಳೇ ಸಿಕ್ಕಿಸಿದಳು.

ಕೈ ತೊಳೆಯುತ್ತಾ ಟೀಚರ್, "ಈ ನೆನಪುಗಳಲ್ಲಿ ಎಲ್ಲರೂ ಇಲ್ಲ" ಎಂದರು. ಹಿಂದಿನ ದಿನ, ಅಕ್ಟೋಬರ್ 14ರಂದು, ಮೂಲನಿವಾಸಿಗಳ ಪ್ರತಿನಿಧಿಗಳ ಒಂದು ಸಲಹಾ ಮಂಡಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡಬೇಕೇ ಎಂದು ಜನಮತ ಕೇಳಿದ್ದರು. ಶೇಕಡಾ ಅರವತ್ತರಷ್ಟು ಜನ ಬೇಡ ಎಂದಿದ್ದರು. ಟೀಚರ್ ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ಅವರು ಬಿಸಿ ಹಾಲನ್ನು ಶಪಿಸುತ್ತಿದ್ದ ಅದೇ ವರ್ಷಗಳಲ್ಲಿ ಮೂಲನಿವಾಸಿ ಮಕ್ಕಳನ್ನು ಸರಕಾರವೇ ತಾಯಂದಿರ ಮಡಿಲಿನಿಂದ ಕಿತ್ತು, ಬಿಳಿಯರ ಹಾಗೆ ಬೆಳೆಸುವೆವೆಂದು ಆಶ್ರಮಗಳಲ್ಲಿ, ಅಪರಿಚಿತರ ಮನೆಗಳಲ್ಲಿ ಇಡುತ್ತಿತ್ತು. 1910ರಿಂದ 1970ರವರೆಗೆ ಹತ್ತರಲ್ಲೊಂದರಿಂದ ಮೂರರಲ್ಲೊಂದರವರೆಗೆ ಮಕ್ಕಳನ್ನು ಹೀಗೆ ಒಯ್ದಿರಬಹುದೆಂದು 1997ರ ವಿಚಾರಣಾ ವರದಿ ಅಂದಾಜು ಮಾಡಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. "ನಮ್ಮ ತರಗತಿಯಲ್ಲಿ ಅಂತಹ ಒಂದು ಮಗುವೂ ಇರಲಿಲ್ಲ. ಎಲ್ಲಿದ್ದಾರೆ ಎಂದು ನಾನು ಕೇಳಲೂ ಇಲ್ಲ. ಟೀಚರ್ ಆದ ಮೇಲೂ ಕೇಳಲಿಲ್ಲ." ನಾನೇನು ಹೇಳಲಿ? ಪಾತ್ರೆಗಳನ್ನು ಒರೆಸುತ್ತಾ ನಿಂತೆ. ಮಗುವನ್ನು ಕಳೆದುಕೊಂಡ ಆ ತಾಯಂದಿರು ಕೇಕಿನ ಪುಸ್ತಕ ನೋಡಿದಾಗ ಏನೆಂದುಕೊಂಡಿರಬಹುದು ಎಂಬುದು ಮಾತ್ರ ತಲೆಯಿಂದ ಹೋಗಲಿಲ್ಲ.

ಶನಿವಾರ ಬಂತು. ಸಭಾಂಗಣದಲ್ಲಿ ಅಪ್ಪಂದಿರು ಚಡ್ಡಿ, ಉದ್ದ ಕಾಲುಚೀಲದ ಶಾಲಾ ಉಡುಪಿನಲ್ಲಿ ಬಂದಿದ್ದರು. ಕೆಲವು ಮೇಜುಗಳ ಮೇಲೆ ಶರಾಬಿನ ಬಾಟಲಿಗಳೂ ಇದ್ದವು. ನಮ್ಮ ಮೇಜಿನವರು ನಮ್ಮನ್ನು ನೋಡಿ ತಮ್ಮದನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಟೀಚರ್ ಮೊದಲೇ ಹೇಳಿಟ್ಟಿದ್ದರೆಂದು ಆಮೇಲೆ ತಿಳಿಯಿತು. ತಂಗಿ ಒಯ್ದ ಸಮೋಸ ಮೊದಲ ಸುತ್ತು ಮುಗಿಯುವ ಮುಂಚೆಯೇ ಖಾಲಿ. ಕಾರ್ಯಕ್ರಮಕ್ಕೆ ಮೊದಲು, ಆ ನೆಲದ ಮೂಲ ಒಡೆಯರಾದ ವುರುಂಜೆರಿ ಜನರನ್ನು ಗೌರವದಿಂದ ನೆನೆಯುವ ನಾಲ್ಕು ಮಾತು ಓದಿದರು. ಆ ಒಂದು ವಾರದ ನಂತರ ಅದನ್ನು ಓದಿದವರ ಧ್ವನಿ ಸ್ವಲ್ಪ ನಡುಗಿತು.

ಪೌಂಡ್, ಶಿಲ್ಲಿಂಗು ಹೋಗಿ ಡಾಲರ್ ಬಂದ ದಿನ ಯಾವುದು? 1966ರ ಫೆಬ್ರವರಿ 14. ಟೀಚರ್ ಬರೆದರು. ಅಡಿಲೇಡಿನಿಂದ ಆಲಿಸ್ ಸ್ಪ್ರಿಂಗ್ಸ್ ಕಡೆಗೆ ಹೋಗುವ 'ಘಾನ್' ರೈಲಿಗೆ ಆ ಹೆಸರು ಯಾರಿಂದ ಬಂತು? ಅಫ್ಘನ್ನರಿಂದ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ರೈಲು ಬರುವ ಮೊದಲು ಒಂಟೆ ಹೊಡೆದುಕೊಂಡು ಆ ಮರುಭೂಮಿಗೆ ದಿನಸಿ, ತಂತಿ, ಪತ್ರ ಮುಟ್ಟಿಸಿದ ಆ ಮುಸ್ಲಿಮರಲ್ಲಿ ಬಹಳ ಮಂದಿ ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯವರೆಂದು ನಾನು ಹೇಳಿದಾಗ ಮೇಜಿನವರು ಬೆರಗಾದರು. ಅವರು ಕಟ್ಟಿದ ಅಡಿಲೇಡಿನ ಮಸೀದಿಯಲ್ಲಿ 1880ರ ದಶಕದ ಕೊನೆಯಿಂದಲೂ ನಮಾಝ್ ನಡೆಯುತ್ತಿದೆ.

ಅಷ್ಟರಲ್ಲಿ ಮೈಕಿನವರು ಕೇಳಿದರು: "ಬಾತುಕೋಳಿ ಕೇಕಿನ ಕೊಕ್ಕು..."

"ಚಿಪ್ಸ್!" ತಂಗಿ ಎದ್ದೇ ನಿಂತಿದ್ದಳು. ಬರೆಯಬೇಕಾದದ್ದನ್ನು ಕೂಗಿಬಿಟ್ಟಿದ್ದಳು. ಸಭಾಂಗಣಕ್ಕೆಲ್ಲ ಕೇಳಿಸಿತು. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ ಆದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಒಂದು ಕ್ಷಣ ಮೌನ, ಆಮೇಲೆ ದೊಡ್ಡ ನಗೆ. ಎದುರು ಕೂತ ಒಬ್ಬರು, "ನೀವು ಇಲ್ಲೇ ಬೆಳೆದವರಾ?" ಎಂದು ಕೇಳಿದರು. "ಇಲ್ಲ, ಹೋದ ಭಾನುವಾರ ಮಾಡಿದೆ" ಎಂದಳು. ಮತ್ತೆ ನಗೆ. ಈ ಸಲ ಯಾಕೆ ನಗುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕು ಮೇಜುಗಳಲ್ಲಿ ನಮ್ಮದು ಹನ್ನೊಂದನೇ ಸ್ಥಾನ, ಅಲ್‌ಹಮ್ದುಲಿಲ್ಲಾಹ್.

ಮರುದಿನ ಬೆಳಿಗ್ಗೆ ತಂಗಿ ಒಂದು ಹಾಳೆ ಹಿಡಿದು ಕೂತಳು. ಮಗನಿಗೆ ಹತ್ತು ಪ್ರಶ್ನೆ. ಸ್ಲೇಟು ಒರೆಸಲು ಯಾವ ಗಿಡ? ಶಂಕರ್‌ನಾಗ್ ಮಾಲ್ಗುಡಿಯನ್ನು ಚಿತ್ರೀಕರಿಸಿದ ಊರು? ಮದ್ರಸಕ್ಕೆ ತಡವಾಗಿ ಬಂದವರಿಗೆ ಉಸ್ತಾದರು ಕೊಡುತ್ತಿದ್ದ ಶಿಕ್ಷೆ? ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಕಾಡಿನ ಹುಡುಗನ ಹೆಸರು? ನಾಲ್ಕಾಣೆಗೆ ಏನು ಸಿಗುತ್ತಿತ್ತು? ಹುಡುಗ ತಲೆ ಕೆರೆದುಕೊಂಡು ಎಲ್ಲದಕ್ಕೂ ಸೊನ್ನೆ ಹಾಕಿಸಿಕೊಂಡ. ಮೊದಲನೆಯದಕ್ಕೆ ಮಾತ್ರ, "ಮುರಿದರೆ ನೀರು ಬರುತ್ತಲ್ಲ, ನಾನಿ ತೋರಿಸಿದ್ದರು, ಬಾವಿಯ ಹತ್ತಿರ" ಎಂದ. ನೀರುಕಡ್ಡಿ ಎಂಬ ಹೆಸರು ಅವನಿಗೆ ಬರಲಿಲ್ಲ. ತಂಗಿ ಪೂರ್ತಿ ಅಂಕ ಕೊಟ್ಟಳು.

"ಖಾಲಾ, ಇದನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ" ಎಂದು ನನ್ನಿಂದ ಬರೆಸಿಕೊಂಡು, ಹಾಳೆ ಹಿಡಿದು ಹಿತ್ತಲಿಗೆ ಓಡಿದ. ಸ್ವಲ್ಪ ಹೊತ್ತಿನಲ್ಲಿ ಬೇಲಿಯ ಆಚೆಯಿಂದ ಟೀಚರ್ ಧ್ವನಿ ಕೇಳಿಸಿತು:

"ಇರು, ಇರು, ಉತ್ತರ ಹೇಳಬೇಡ. ಮೊದಲು ಒಂದು ಸುಳಿವು ಕೊಡು!"